ಮಲೇರಿಯಾದಿಂದ ಏಡ್ಸ್‌ವರೆಗೆ: ಘಟ್ಟದ ಮೇಲೆ ತಿಳಿವಳಿಕೆ ನಡೆದು ಬಂದ ದಾರಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಿಗೆ ರೋಗದ ಭಯ ಹೊಸದಲ್ಲ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ದಟ್ಟ ಕಾಡು, ಹಳ್ಳಕೊಳ್ಳಗಳ ಈ ಸೀಮೆ ಕಳೆದ ನೂರು ವರ್ಷಗಳಲ್ಲಿ ಮೂರು ಬೇರೆ ಬೇರೆ ರೋಗಗಳ ಮಾತು ಕೇಳಿದೆ. ಮೊದಲನೆಯದು ಮಲೇರಿಯಾ, ಎರಡನೆಯದು ಮಂಗನ ಕಾಯಿಲೆ, ಮೂರನೆಯದು ಏಡ್ಸ್. ಮೊದಲ ಎರಡು ಇಲ್ಲಿನ ನೀರು, ನೆಲ, ಕಾಡಿಗೆ ಅಂಟಿಕೊಂಡವು. ಮೂರನೆಯದು ನಾಡಿಗೆಲ್ಲ ಬಂದ ಹಾಗೆ ಇಲ್ಲಿಗೂ ಬಂದದ್ದು. ಮೂರೂ ಸಂದರ್ಭಗಳಲ್ಲಿ ಸರ್ಕಾರ ಮತ್ತು ವೈದ್ಯರು ಆಡಿದ ಮಾತು ಒಂದೇ: ಜನರಲ್ಲಿ ತಿಳಿವಳಿಕೆ ಮೂಡಿಸಬೇಕು. ಆದರೆ ಪ್ರತಿ ಸಲವೂ ಆ ಮಾತಿನ ಅರ್ಥ ಬದಲಾಯಿತು. ಏಡ್ಸ್ ವಿಷಯದಲ್ಲಿ ಮೊದಲ ಹದಿನೈದು ವರ್ಷ ನಡೆದ ಪ್ರಚಾರ ಏಕೆ ಜನರ ಬಾಯಿ ಮುಚ್ಚಿಸಿತು, ಆಮೇಲೆ ಅದು ಹೇಗೆ ಸ್ವಲ್ಪ ಸ್ವಲ್ಪವಾಗಿ ತೆರೆಯಿತು ಎಂಬುದು ತಿಳಿಯಬೇಕಾದರೆ ಹಿಂದಿನ ಎರಡು ರೋಗಗಳ ಕತೆಯನ್ನೂ ನೋಡಬೇಕು.

ಕೆನರಾ ಜಿಲ್ಲೆಯ ಉತ್ತರ ಭಾಗವನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಆ ಕಾಲಕ್ಕೇ ಘಟ್ಟದ ಮೇಲಿನ ತಾಲ್ಲೂಕುಗಳು ಚಳಿಜ್ವರಕ್ಕೆ ಹೆಸರಾಗಿದ್ದವು. ಜ್ವರ ಕೆಟ್ಟ ನೀರಿನಿಂದ, ಕಾಡಿನ ಗಾಳಿಯಿಂದ ಬರುತ್ತದೆ ಎಂಬುದು ಜನರ ನಂಬಿಕೆ. ಇದು ಹಳ್ಳಿಗರ ಅಜ್ಞಾನವೇನೂ ಅಲ್ಲ. ಮಲೇರಿಯಾ ಎಂಬ ಇಟಲಿಯ ಪದದ ಅರ್ಥವೇ ಕೆಟ್ಟ ಗಾಳಿ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡ ಮೇಲೆಯೇ ಲೋಕಕ್ಕೆ ನಿಜ ಗೊತ್ತಾದದ್ದು. ಮಲೆನಾಡಿನಲ್ಲಿ ಈ ರೋಗ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ನಿಧಾನವಾಗಿ ಹರಿಯುವ ತಿಳಿನೀರಿನ ತೊರೆಗಳ ಅಂಚಿನಲ್ಲಿ ಅದು ಮೊಟ್ಟೆಯಿಡುತ್ತದೆ. ತೋಟಕ್ಕೆ ಜೀವವಾದ ನೀರೇ ಮನೆಗೆ ಜ್ವರವನ್ನೂ ತರುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಡಿ.ಡಿ.ಟಿ. ಬಂತು. ಮುಂಬಯಿ ಪ್ರಾಂತ್ಯದ ಮಲೇರಿಯಾ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಡಿ.ಕೆ. ವಿಶ್ವನಾಥನ್ ಅವರು 1946ರಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕೆಲಸ ಕೈಗೊಂಡರು. ದೇಶದ ಗ್ರಾಮಾಂತರದಲ್ಲಿ ಇಷ್ಟು ವಿಸ್ತಾರವಾಗಿ ನಡೆದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಇದರ ಫಲ 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಬೆಂಬಲವಾಯಿತು. ಇಲ್ಲಿ ಜನರಿಂದ ಬೇಕಾಗಿದ್ದುದು ಬಹಳವಲ್ಲ. ಸಿಂಪಡಿಸುವವನು ಬಂದಾಗ ಬಾಗಿಲು ತೆರೆಯಬೇಕು, ಅಡುಗೆಮನೆಯ ಪಾತ್ರೆಪಡಗ ಹೊರಗಿಡಬೇಕು, ಗೋಡೆಗೆ ಕೂಡಲೇ ಸುಣ್ಣ ಬಳಿಯಬಾರದು. ಮಡಿ ಮೈಲಿಗೆ ಎನ್ನುವ ಮನೆಗಳಲ್ಲಿ ಒಳಕೋಣೆಯವರೆಗೆ ಹೊರಗಿನವರನ್ನು ಬಿಡುವುದು ಸಣ್ಣ ಮಾತಲ್ಲವಾದರೂ, ಯಾರ ಮಾನಕ್ಕೂ ಅದರಿಂದ ಕುಂದಿಲ್ಲ. ಜ್ವರ ಎಲ್ಲರ ಮನೆಗೂ ಬರುತ್ತಿತ್ತು.

ರಾಜ್ಯ ಪುನರ್ವಿಂಗಡಣೆಯಾಗಿ 1956ರ ನವೆಂಬರ್ 1ರಂದು ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷವೇ ಎರಡನೆಯ ರೋಗ ಕಾಣಿಸಿಕೊಂಡಿತು. ಸಿದ್ದಾಪುರದ ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಸೀಮೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿ ಬಂದವರಿಗೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಇದು ಹೊಸ ವೈರಸ್ಸೆಂದೂ, ಉಣುಗು ಕಚ್ಚುವುದರಿಂದ ಹರಡುತ್ತದೆಂದೂ ಪತ್ತೆ ಹಚ್ಚಿದರು. ಲೋಕದ ವೈದ್ಯಕೀಯ ಗ್ರಂಥಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ಜನರಿಗೆ ಅದು ಮಂಗನ ಕಾಯಿಲೆ.

ಸತ್ತ ಮಂಗನ ಮೈಯಿಂದ ಕಳಚಿ ಬಿದ್ದ ಉಣುಗುಗಳು ಕಾಡಿನ ನೆಲದಲ್ಲಿ ಹರಡಿಕೊಳ್ಳುತ್ತವೆ. ಮಳೆಗಾಲ ಕಳೆದ ಮೇಲೆ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಟ. ದರಕು, ಸೊಪ್ಪು, ಕಟ್ಟಿಗೆಗೆಂದು ಬೆಟ್ಟ ಹತ್ತುವ ದಿನಗಳೂ ಅವೇ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಹರಡುವುದಿಲ್ಲ. ಆದ್ದರಿಂದ ಇಲ್ಲಿ ತಿಳಿವಳಿಕೆ ಎಂದರೆ ಕೆಲವು ಖಚಿತ ಕೆಲಸಗಳು: ಮಂಗ ಸತ್ತದ್ದು ಕಂಡರೆ ತಿಳಿಸುವುದು, ಕಾಡಿಗೆ ಹೋಗುವ ಮುನ್ನ ಮೈಗೆ ಎಣ್ಣೆ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡುವುದು, ಜ್ವರ ಬಂದರೆ ಮುಚ್ಚಿಡದೆ ಆಸ್ಪತ್ರೆಗೆ ಹೋಗುವುದು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡು 2022ರಲ್ಲಿ ಅದರ ಬಳಕೆ ನಿಂತಿತು. ಸಿದ್ದಾಪುರ ತಾಲ್ಲೂಕಿನಲ್ಲಿ 2020ರಲ್ಲೂ 2024ರಲ್ಲೂ ರೋಗ ಕಾಣಿಸಿಕೊಂಡಿತು. ಆದರೆ ಅರುವತ್ತೇಳು ವರ್ಷಗಳ ಈ ಅವಧಿಯಲ್ಲಿ ಮಂಗನ ಕಾಯಿಲೆ ಬಂದವನನ್ನು ‘ನಿನಗೆ ಇದು ಹೇಗೆ ಬಂತು’ ಎಂದು ಸಂಶಯದಿಂದ ಕೇಳಿದವರಿಲ್ಲ. ಬೆಟ್ಟಕ್ಕೆ ಹೋಗಿದ್ದ, ಉಣುಗು ಕಚ್ಚಿತು, ಅಷ್ಟೆ.

ಏಡ್ಸ್ ಬಂದಾಗ ಮೊದಲು ಕೇಳಿದ ಪ್ರಶ್ನೆಯೇ ಅದು.

ಅಮೆರಿಕದಲ್ಲಿ ಈ ರೋಗ 1981ರಲ್ಲಿ ಬೆಳಕಿಗೆ ಬಂತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ 1983ರಲ್ಲಿ ಅದರ ವೈರಸ್ ಪತ್ತೆಯಾಯಿತು. ಇದು ವಿದೇಶಗಳ ರೋಗ, ನಮ್ಮ ಸಂಸ್ಕೃತಿಯಲ್ಲಿ ಇದಕ್ಕೆ ಎಡೆಯಿಲ್ಲ ಎಂದು ನಮ್ಮವರು ಸಮಾಧಾನ ಪಟ್ಟುಕೊಂಡಿದ್ದರು. ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ 1986ರಲ್ಲಿ ಆ ಸಮಾಧಾನವನ್ನು ಕೊನೆಗಾಣಿಸಿದರು. ನಿರ್ಮಲಾ ಅವರು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರಿಂದ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ಕೆಲವರಲ್ಲಿ ಸೋಂಕು ಕಂಡಿತು. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಕೆಲಸ. ಆದರೆ ಸೋಂಕು ಮೊದಲು ಯಾರಲ್ಲಿ ಕಂಡಿತೋ ಅವರದೇ ಈ ರೋಗ ಎಂದು ಸಮಾಜ ತೀರ್ಮಾನಿಸಿಬಿಟ್ಟಿತು. ಸಭ್ಯ ಗೃಹಸ್ಥರಿಗೆ ಇದು ಸಂಬಂಧವಿಲ್ಲದ ವಿಷಯವಾಯಿತು.

ಇದರಿಂದ ಏನಾಗಬಹುದೆಂಬುದು ಉತ್ತರ ಕನ್ನಡದ ಗಡಿಗೆ ಹೊಂದಿಕೊಂಡ ಗೋವಾದಲ್ಲಿ ಕಂಡುಬಂತು. ಅಲ್ಲಿನ ಸಾರ್ವಜನಿಕ ಆರೋಗ್ಯ ಕಾನೂನಿಗೆ ತಂದ ತಿದ್ದುಪಡಿ ಎಚ್‌ಐವಿ ಸೋಂಕಿತರನ್ನು ಪ್ರತ್ಯೇಕವಾಗಿ ಕೂಡಿಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಡೊಮಿನಿಕ್ ಡಿಸೋಜ ಎಂಬ ಯುವಕ ಸ್ವಇಚ್ಛೆಯಿಂದ ರಕ್ತದಾನ ಮಾಡುತ್ತಿದ್ದವರು. ಆ ರಕ್ತದಲ್ಲಿ ಸೋಂಕು ಕಂಡದ್ದರಿಂದ 1989ರ ಫೆಬ್ರುವರಿಯಲ್ಲಿ ಪೊಲೀಸರು ಅವರನ್ನು ಹಿಡಿದೊಯ್ದು ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಕಾವಲಿನಲ್ಲಿಟ್ಟರು. ಅವರ ತಾಯಿ ಲೂಸಿ ಡಿಸೋಜ ಮುಂಬಯಿ ಹೈಕೋರ್ಟಿನ ಪಣಜಿ ಪೀಠದ ಮೆಟ್ಟಿಲೇರಿದರು. ಡೊಮಿನಿಕ್ 1992ರಲ್ಲಿ ತೀರಿಕೊಳ್ಳುವವರೆಗೆ ಸೋಂಕಿತರ ಹಕ್ಕಿಗಾಗಿ ಬಹಿರಂಗವಾಗಿ ಮಾತನಾಡಿದರು. ಪರೀಕ್ಷೆ ಮಾಡಿಸಿಕೊಂಡರೆ ಸೆರೆ ಎನ್ನುವಂತಾದರೆ ಪರೀಕ್ಷೆಗೆ ಯಾರು ಬಂದಾರು ಎಂಬ ಸರಳ ಪ್ರಶ್ನೆಯನ್ನು ಆ ಪ್ರಕರಣ ದೇಶದ ಮುಂದಿಟ್ಟಿತು.

ಕೇಂದ್ರ ಸರ್ಕಾರ 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಿತು. ಕರ್ನಾಟಕದಲ್ಲಿ 1997ರಲ್ಲಿ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಆರಂಭವಾಯಿತು. ಹಣ ಕೊಟ್ಟು ರಕ್ತ ಕೊಳ್ಳುವ ಪದ್ಧತಿ ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ 1998ರಿಂದ ನಿಂತಿತು. ಇವೆಲ್ಲ ಆಗಲೇಬೇಕಾಗಿದ್ದ ಕೆಲಸಗಳು. ಆದರೆ ಜನರ ಕಣ್ಣಿಗೆ ಬಿದ್ದದ್ದು ಗೋಡೆಬರಹ ಮತ್ತು ಭಿತ್ತಿಚಿತ್ರಗಳು. ಅವುಗಳಲ್ಲಿ ತಲೆಬುರುಡೆ, ಎಲುಬಿನ ಹಂದರ, ಬಾಯ್ದೆರೆದ ಭೂತ. ಏಡ್ಸ್ ಎಂದರೆ ಸಾವು, ಸಾವೆಂದರೆ ಕೆಟ್ಟ ನಡತೆಯ ಫಲ ಎಂಬ ಸಂದೇಶ ಒಂದೇ ಉಸಿರಿನಲ್ಲಿ ಹೋಯಿತು. ಹೆದರಿಸಿದರೆ ಜನ ಎಚ್ಚರಗೊಳ್ಳುತ್ತಾರೆಂಬುದು ಪ್ರಚಾರ ಮಾಡಿದವರ ಎಣಿಕೆ. ಹೆದರಿದವರು ಮಾಡಿದ್ದು ಬೇರೆ. ಸೋಂಕು ತಗುಲಿದ ಮೇಲೆ ಹೊರಗೆ ಯಾವ ಲಕ್ಷಣವೂ ಕಾಣದೆ ಎಂಟು ಹತ್ತು ವರ್ಷ ಕಳೆಯಬಹುದು. ಭೂತದಂತೆ ಕಾಣದವನು ತನಗೆ ಸೋಂಕಿಲ್ಲವೆಂದು ನಂಬಿದ. ಸಂಶಯ ಬಂದವನು ಪರೀಕ್ಷೆಯಿಂದ ದೂರ ಉಳಿದ. ಮದ್ದೇ ಇಲ್ಲದ ಮೇಲೆ ತಿಳಿದುಕೊಂಡು ಮಾಡುವುದೇನು ಎಂಬುದು ಅವನ ತರ್ಕ. ಅದನ್ನು ಪೂರ್ತಿ ತಪ್ಪೆನ್ನುವ ಹಾಗಿರಲಿಲ್ಲ.

ಯಲ್ಲಾಪುರದ ಮೇಲೆ ಹಾದುಹೋಗುವ ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ ಇನ್ನೊಂದು ಪಾಠ ಹೇಳುತ್ತದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಎನಿಸಿಕೊಂಡಿದ್ದ ಈ ದಾರಿಯಲ್ಲಿ 2000ದ ದಶಕದಲ್ಲಿ ಬಳ್ಳಾರಿ, ಹೊಸಪೇಟೆಯ ಕಬ್ಬಿಣದ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿನತ್ತ ಸಾಲುಗಟ್ಟಿ ಇಳಿಯುತ್ತಿದ್ದವು. ರಾಜ್ಯ ಸರ್ಕಾರ 2010ರಲ್ಲಿ ಅದಿರು ರಫ್ತು ನಿಷೇಧಿಸುವವರೆಗೆ ಅರಬೈಲು ಘಟ್ಟದ ತಿರುವುಗಳಲ್ಲಿ ಅದೇ ನೋಟ. ವಾರಗಟ್ಟಲೆ ಮನೆಯಿಂದ ದೂರವಿರುವ ಲಾರಿ ಚಾಲಕರಲ್ಲಿ ಸೋಂಕಿನ ಸಾಧ್ಯತೆ ಹೆಚ್ಚೆಂದು ದೇಶದಾದ್ಯಂತ ಹೆದ್ದಾರಿಗಳಲ್ಲಿ ಏಡ್ಸ್ ಪ್ರಚಾರ ನಡೆಯಿತು. ಅದಕ್ಕೆ ಕಾರಣವೂ ಇತ್ತು, ಫಲವೂ ಸಿಕ್ಕಿತು. ಆದರೆ ಹೆದ್ದಾರಿಯಿಂದ ನಾಲ್ಕು ಮೈಲಿ ಒಳಗಿನ ಹಳ್ಳಿಯವನಿಗೆ ಅದು ಚಾಲಕರ ರೋಗವಾಗಿ ಉಳಿಯಿತು. ಕೆಲಸಕ್ಕೆಂದು ಗೋವಾಕ್ಕೋ ಹುಬ್ಬಳ್ಳಿಗೋ ಮುಂಬಯಿಗೋ ಹೋಗಿ ಬರುವ ತನ್ನ ಮನೆಯವರ ಬಗ್ಗೆ ಅವನು ಯೋಚಿಸಲಿಲ್ಲ. ಯಾರು ಎಂಬುದಕ್ಕಿಂತ ಯಾವ ನಡೆಯಿಂದ ಸೋಂಕು ತಗುಲುತ್ತದೆ ಎಂಬುದು ಮುಖ್ಯ ಎಂಬ ಮಾತು ಹಿಂದೆ ಸರಿಯಿತು.

ಇದು ಪಟ್ಟಣಗಳ ರೋಗ ಎಂಬ ನಂಬಿಕೆಯನ್ನು ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆ ಅಲ್ಲಾಡಿಸಿತು. ಅಲ್ಲಿನ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡಿತು, ಅದೂ ಹಳ್ಳಿಗಳನ್ನು ಬಿಡದೆ. ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2005–06) ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 0.28 ಎಂದರೆ ಕರ್ನಾಟಕದಲ್ಲಿ ಶೇ 0.69 ಎಂದಿತು. ಘಟ್ಟದ ಮೇಲಿನ ತಾಲ್ಲೂಕುಗಳು ಬಾಗಲಕೋಟೆ, ಬೆಳಗಾವಿಗಳಷ್ಟು ಪೆಟ್ಟು ತಿಂದವಲ್ಲ. ಆದರೆ ಸೋಂಕು ಕಡಿಮೆ ಇರುವ ಕಡೆ ಬೇರೊಂದು ಕಷ್ಟವಿದೆ. ಮನೆಯಿಂದ ಮನೆಗೆ ಅರ್ಧ ಮೈಲಿ ದೂರವಿದ್ದರೂ ಯಾರು ಯಾವ ಬಸ್ಸು ಹತ್ತಿದರು, ಯಾವ ಆಸ್ಪತ್ರೆಗೆ ಹೋದರು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯುವ ಸೀಮೆ ಇದು. ನೂರಾರು ಜನ ಸಾಲುನಿಂತ ಕಡೆ ಒಬ್ಬನ ಗುಟ್ಟು ಉಳಿಯುತ್ತದೆ. ಊರಿಗೊಬ್ಬನೇ ಇದ್ದರೆ ಉಳಿಯುವುದಿಲ್ಲ. ಆದ್ದರಿಂದಲೇ ಇಂಥ ಊರುಗಳ ಜನ ಹತ್ತಿರದ ಆಸ್ಪತ್ರೆ ಬಿಟ್ಟು ದೂರದ ಜಿಲ್ಲೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುವುದು, ಮಾತ್ರೆ ತರುವುದು.

ಭಾಷೆಯ ತೊಡಕೂ ಇತ್ತು. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಜೊತೆ 1968ರಲ್ಲಿ ಬಂದ ‘ನಿರೋಧ್’ ಎಂಬ ಹೆಸರು ಹಳ್ಳಿಗಳಿಗೂ ತಲಪಿತ್ತು. ಆದರೆ ಅದು ಮಕ್ಕಳು ಸಾಕೆನ್ನುವ ಗಂಡ ಹೆಂಡಿರ ವಸ್ತು. ರೋಗ ತಡೆಗೆ ಅದನ್ನು ಬಳಸಿ ಎಂದಾಗ ಅರ್ಥವೇ ಬೇರೆಯಾಯಿತು. ಲೈಂಗಿಕತೆಯ ಬಗ್ಗೆ ಕನ್ನಡದಲ್ಲಿ ಮಾತಾಡಲು ಒಂದು ಕಡೆ ಪುಸ್ತಕದ ಸಂಸ್ಕೃತ ಪದ, ಇನ್ನೊಂದು ಕಡೆ ಬೈಗುಳ. ನಡುವೆ ಮನೆಯಲ್ಲಿ ಆಡಬಹುದಾದ ಮಾತು ಕಡಿಮೆ. ಈ ಮಾತನ್ನು ಬಾಗಿಲಿಂದ ಬಾಗಿಲಿಗೆ ಒಯ್ಯಬೇಕಾದವಳು ಆರೋಗ್ಯ ಕೇಂದ್ರದ ದಾದಿ, 2005ರ ನಂತರ ಆಶಾ ಕಾರ್ಯಕರ್ತೆ. ಅದೇ ಊರಿನ ಸೊಸೆಯಾದ ಆಕೆ ಹಿರಿಯರ ಎದುರು ಇದನ್ನು ಹೇಗೆ ಹೇಳಬೇಕು?

ಆಡಲಾಗದ್ದನ್ನು ಆಡಿ ತೋರಿಸುವ ದಾರಿ ರಂಗಭೂಮಿಯದು. ಸಮುದಾಯ ತಂಡ 1979ರಲ್ಲಿ ನಡೆಸಿದ ಜಾಥಾದಿಂದ ಕರ್ನಾಟಕಕ್ಕೆ ಬೀದಿನಾಟಕದ ರುಚಿ ಹತ್ತಿತ್ತು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನ ಕಲಾಜಾಥಾಗಳನ್ನು ತಾಲ್ಲೂಕು ತಾಲ್ಲೂಕಿಗೆ ಒಯ್ದಿತು. ಏಡ್ಸ್ ಜಾಗೃತಿ ಅದೇ ಜಾಡಿನಲ್ಲಿ ನಡೆಯಿತು. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಗೆ ನಾಟಕ ಕಂಪನಿಗಳು ಬರುವುದನ್ನು ಕಂಡ ಜನರಿಗೆ ರಂಗದ ಮೇಲೆ ಹಾಸ್ಯಪಾತ್ರ ಆಡುವ ಮಾತು ಹೊಸದಲ್ಲ. ಮನೆಯಲ್ಲಿ ಆಡಬಾರದ್ದನ್ನು ಅಲ್ಲಿ ಆಡಬಹುದು. ಆಶುವಾಗಿ ಮಾತು ಕಟ್ಟುವ ಯಕ್ಷಗಾನದಲ್ಲೂ ಆರೋಗ್ಯದ ವಿಷಯ ಅಳವಡಿಸುವ ಪ್ರಯತ್ನಗಳು ಕರಾವಳಿ, ಮಲೆನಾಡಿನಲ್ಲಿ ಆಗಿವೆ. ಆದರೆ ಒಂದು ಎಚ್ಚರ ಬೇಕು. ರಂಗದ ಮೇಲೆ ರೋಗವನ್ನು ರಾಕ್ಷಸನನ್ನಾಗಿ ಕುಣಿಸುವುದು ಸುಲಭ, ನೋಡಲು ಚೆಂದ. ಆಟ ಮುಗಿದ ಮೇಲೆ ಆ ರಾಕ್ಷಸ ಯಾರ ಮೈಯಲ್ಲಿದ್ದಾನೆಂದು ಪ್ರೇಕ್ಷಕ ಹುಡುಕತೊಡಗಿದರೆ ಜಾಗೃತಿ ತಿರುಗಿ ಹೊಡೆಯುತ್ತದೆ.

ಪರಿಸ್ಥಿತಿಯನ್ನು ನಿಜವಾಗಿ ಬದಲಿಸಿದ್ದು ಘೋಷಣೆಯಲ್ಲ, ಔಷಧ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ಸರ್ಕಾರ 2004ರ ಏಪ್ರಿಲ್ 1ರಿಂದ ಉಚಿತವಾಗಿ ಕೊಡತೊಡಗಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮೊದಲ ಕೇಂದ್ರಗಳಲ್ಲಿ ಒಂದು. ಮಾತ್ರೆ ಇದೆ ಎಂದಾದ ಮೇಲೆ ಪರೀಕ್ಷೆಗೊಂದು ಅರ್ಥ ಬಂತು. ಸೋಂಕಿದ್ದವರು ಬದುಕಿ, ದುಡಿದು, ಊರ ಕಣ್ಣೆದುರೇ ಓಡಾಡಿದರು. ಭಿತ್ತಿಚಿತ್ರದ ತಲೆಬುರುಡೆ ಸುಳ್ಳೆಂದು ತೋರಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಸೋಂಕಿತರೇ ಸಂಘ ಕಟ್ಟಿ ಮಾತಾಡಿದರು. ಮೈಸೂರಿನ ಅಶೋದಯ ಸಮಿತಿಯಂಥ ಕಡೆ ಲೈಂಗಿಕ ವೃತ್ತಿಯ ಮಹಿಳೆಯರೇ ತಮ್ಮವರಿಗೆ ತಿಳಿವಳಿಕೆ ಕೊಡುವವರಾದರು. ಬುದ್ಧಿ ಹೇಳಿಸಿಕೊಳ್ಳುತ್ತಿದ್ದವರು ಹೇಳುವವರಾದದ್ದು ಈ ಇತಿಹಾಸದ ಮುಖ್ಯ ತಿರುವು.

ಅದೇ ಹೊತ್ತಿಗೆ ಗರ್ಭಿಣಿಯರ ಪರೀಕ್ಷೆ ಹಳ್ಳಿಗಳಿಗೂ ಬಂತು. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗುಲುವ ಸಾಧ್ಯತೆ ಶೇ 15ರಿಂದ 45ರಷ್ಟು. ಸರಿಯಾದ ಔಷಧದಿಂದ ಅದನ್ನು ಶೇ 5ಕ್ಕಿಂತ ಕೆಳಗಿಳಿಸಬಹುದು. ಎಷ್ಟೋ ಮಕ್ಕಳು ಇದರಿಂದ ಉಳಿದರು. ಆದರೆ ಇದಕ್ಕೊಂದು ಕಹಿ ಮುಖವೂ ಇತ್ತು. ಮನೆಯಲ್ಲಿ ಮೊದಲು ಪರೀಕ್ಷೆಗೆ ಒಳಗಾಗುತ್ತಿದ್ದವಳು ಬಸುರಿ ಹೆಂಡತಿ. ಗಂಡನಿಂದ ಬಂದ ಸೋಂಕಿಗೆ ಅವಳೇ ಹೊಣೆಗಾರ್ತಿಯಾದಳು, ತವರಿಗೆ ಅಟ್ಟಿಸಿಕೊಂಡಳು. ಗಂಡನಿಗೂ ಜೊತೆಯಲ್ಲೇ ಪರೀಕ್ಷೆಯಾಗಬೇಕೆಂಬ ತಿಳಿವಳಿಕೆ ಬರುವ ಹೊತ್ತಿಗೆ ಬಹಳ ಸಂಸಾರಗಳು ಒಡೆದಿದ್ದವು.

ಶಾಲೆಗಳ ವಿಷಯದಲ್ಲಿ ನಾಡು ಹಿಂದೇಟು ಹಾಕಿತು. ಹದಿಹರೆಯದವರಿಗಾಗಿ ಕೇಂದ್ರ ರೂಪಿಸಿದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ವಿರೋಧ ಬಂದು ಅದು ನಿಂತಿತು. ಮಕ್ಕಳ ಮನಸ್ಸು ಕೆಡುತ್ತದೆ ಎಂಬುದು ಆಕ್ಷೇಪ. ಅದರ ಬೆಲೆ ಈಗ ಕಾಣುತ್ತಿದೆ. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇರುವವರು ದೇಶದ ಮಹಿಳೆಯರಲ್ಲಿ ಶೇ 22, ಪುರುಷರಲ್ಲಿ ಶೇ 31 ಮಾತ್ರ. ಏಡ್ಸ್ ಎಂಬ ಹೆಸರು ಕೇಳದವರು ಕಡಿಮೆ. ಸೊಳ್ಳೆ ಕಚ್ಚಿದರೆ, ಒಟ್ಟಿಗೆ ಊಟ ಮಾಡಿದರೆ ಅದು ಹರಡುವುದಿಲ್ಲ, ಆರೋಗ್ಯವಂತನಾಗಿ ಕಾಣುವವನಲ್ಲೂ ಸೋಂಕಿರಬಹುದು ಎಂಬಷ್ಟು ಸರಿಯಾಗಿ ತಿಳಿದವರೂ ಕಡಿಮೆ.

ಕಾನೂನು ಮಾತ್ರ ಗೋವಾದ ಆ 64 ದಿನಗಳಿಂದ ಬಹುದೂರ ಬಂದಿದೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಬಯಲು ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿಯೂ 2017ರಲ್ಲೇ ಬಂತು. ತಪ್ಪದೆ ಮಾತ್ರೆ ನುಂಗಿ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ಈಗ ವಿಜ್ಞಾನ ಖಚಿತಪಡಿಸಿದ ವಿಷಯ. ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆಂಬ ಅಂದಾಜಿದೆ. ಅವರ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಆದರೆ ತಲೆಬುರುಡೆಯ ಚಿತ್ರ ತಲಪಿದಷ್ಟು ಊರುಗಳಿಗೆ ಈ ಸುದ್ದಿ ಇನ್ನೂ ತಲಪಿಲ್ಲ.

ಡಿಸೆಂಬರ್ 1 ವಿಶ್ವ ಏಡ್ಸ್ ದಿನ. ಘಟ್ಟದ ಮೇಲೆ ಮಂಗನ ಕಾಯಿಲೆಯ ಹಂಗಾಮು ತೊಡಗುವುದೂ ಆ ತಿಂಗಳಲ್ಲೇ. ಮೈಗೆ ಹಚ್ಚುವ ಎಣ್ಣೆಯನ್ನು ಆರೋಗ್ಯ ಕಾರ್ಯಕರ್ತೆಯ ಹತ್ತಿರ ನಾಲ್ಕು ಜನರೆದುರು ಕೇಳಿ ಪಡೆಯಲು ಯಾರೂ ನಾಚುವುದಿಲ್ಲ. ಎಚ್‌ಐವಿ ಪರೀಕ್ಷೆ ಎಲ್ಲಿ ಮಾಡುತ್ತಾರೆ ಎಂದು ಕೇಳಬೇಕಾದವನು ಈಗಲೂ ಆಕೆ ಒಬ್ಬಳೇ ಸಿಗುವುದನ್ನು ಕಾಯುತ್ತಾನೆ, ಅಥವಾ 1097 ಸಹಾಯವಾಣಿಗೆ ಹೆಸರು ಹೇಳದೆ ಕರೆ ಮಾಡುತ್ತಾನೆ. ಕೇಳಿದ ಮೇಲೆ ಅವನಿಗೆ ಸಿಗುವ ಉತ್ತರದಲ್ಲಿ ‘ನಿನಗೇಕೆ ಬೇಕಾಯಿತು’ ಎಂಬ ಪ್ರಶ್ನೆ ಇರಬಾರದು. ಮೂವತ್ತೈದು ವರ್ಷಗಳ ಜಾಗೃತಿಯಲ್ಲಿ ಇನ್ನೂ ಬಾಕಿ ಉಳಿದಿರುವ ಕೆಲಸ ಅದು.